ಕೊಡಗಿನ ಅಂಗಳದಲ್ಲಿ ಡೇಸಿ: ಮಳೆಗಾಲವನ್ನು ಲೆಕ್ಕಕ್ಕಿಟ್ಟು ಬೆಳೆಸುವ ಕ್ರಮ

ಕೊಡಗಿನಲ್ಲಿ ಡೇಸಿ ಗಿಡಗಳು ಸಾಯುವುದು ಬಹುಮಟ್ಟಿಗೆ ಬುಡದಲ್ಲಿ ನಿಂತ ಮಳೆನೀರಿನಿಂದ. ಇಲ್ಲಿನ ಚಳಿ ಅವುಗಳಿಗೆ ಹಿತವಾಗಿಯೇ ಇದೆ, ಬೇಸಿಗೆಯ ಬಿಸಿಲೂ ಬಯಲುಸೀಮೆಯಷ್ಟು ಸುಡುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯೂ ದಿನಗಟ್ಟಲೆ ಮೇಲೇಳದ ಮಂಜೂ ಸೇರಿ ಮಣ್ಣನ್ನು ಕೆಸರಾಗಿಸಿದಾಗ, ಗಾಳಿಯಾಡುವ ಸಡಿಲ ನೆಲಕ್ಕೆ ಒಗ್ಗಿದ ಈ ಗಿಡಗಳ ಬೇರು ಕೆಲವೇ ವಾರಗಳಲ್ಲಿ ಕೊಳೆತುಹೋಗುತ್ತದೆ. ನಾನು ಮೊದಲ ಬಾರಿ ಜರ್ಬೆರಾ ತಂದದ್ದು ಒಂದು ಮೇ ತಿಂಗಳಲ್ಲಿ. ಹನ್ನೆರಡು ಗಿಡಗಳಲ್ಲಿ ಹನ್ನೊಂದನ್ನು ಅಂಗಳದ ಸಮತಟ್ಟು ನೆಲದಲ್ಲಿ ನೆಟ್ಟೆ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳು ಮುಗಿಯುವುದರೊಳಗೆ ಆ ಹನ್ನೊಂದೂ ಹೋದವು. ಜಾಗ ಸಾಲದೆ ಹಂಚಿನ ಸೂರಿನ ಒಳಭಾಗದಲ್ಲಿ ಕುಂಡದಲ್ಲೇ ಬಿಟ್ಟಿದ್ದ ಒಂದು ಗಿಡ ಮಾತ್ರ ಅಕ್ಟೋಬರ್‌ನಲ್ಲಿ ಮೊಗ್ಗು ಬಿಟ್ಟಿತು. ಮುಂದೆ ಬರೆದಿರುವ ಕ್ರಮವೆಲ್ಲವೂ ಆ ಒಂದು ಗಿಡ ಕಲಿಸಿದ ಪಾಠದ ಮೇಲೆ ನಿಂತಿದೆ.

ಡೇಸಿ ಎಂದು ಕರೆಯುವುದು ಯಾವುದನ್ನು

ಡೇಸಿ ಎಂಬುದು ಒಂದೇ ಗಿಡದ ಹೆಸರಲ್ಲ. ಸೂರ್ಯಕಾಂತಿ, ಸೇವಂತಿಗೆ, ಚೆಂಡು ಹೂ, ಡೇಲಿಯಾ, ಜೀನಿಯಾ ಇವೆಲ್ಲ ಸೇರಿರುವ ಆಸ್ಟರೇಸಿ ಕುಟುಂಬದಲ್ಲಿ, ನಡುವೆ ದುಂಡನೆಯ ಬಟ್ಟಲಿನಂಥ ಭಾಗವೂ ಸುತ್ತ ಒಂದು ಸಾಲು ಎಸಳುಗಳೂ ಇರುವ ಅನೇಕ ಗಿಡಗಳಿಗೆ ಈ ಹೆಸರು ಸಲ್ಲುತ್ತದೆ. ನಾವು ಒಂದು ಹೂವೆಂದು ಎಣಿಸುವುದು ವಾಸ್ತವದಲ್ಲಿ ನೂರಾರು ಕಿರುಹೂಗಳ ಗುಚ್ಛ. ನಡುವಿನ ಹಳದಿ ಬಟ್ಟಲಿನ ಒಂದೊಂದು ಚುಕ್ಕೆಯೂ ಒಂದು ಹೂವು, ಸುತ್ತಲಿನ ಒಂದೊಂದು ಎಸಳೂ ಇನ್ನೊಂದು ಬಗೆಯ ಹೂವು. ಗದ್ದೆಯ ಬದುವಿನಲ್ಲಿ ಬೆಳೆಯುವ ಗರುಗದ ಸೊಪ್ಪಿನ ಬಿಳಿಯ ಪುಟ್ಟ ಹೂವನ್ನು ಹತ್ತಿರದಿಂದ ನೋಡಿದವರಿಗೆ ಈ ರಚನೆ ಕೂಡಲೇ ತಿಳಿಯುತ್ತದೆ, ಏಕೆಂದರೆ ಅದೂ ಇದೇ ಕುಟುಂಬದ್ದು. ಇಂಗ್ಲಿಷಿನ ಡೇಸಿ ಎಂಬ ಪದದ ಮೂಲ ಅರ್ಥ ‘ಹಗಲಿನ ಕಣ್ಣು’. ಯುರೋಪಿನ ಹುಲ್ಲುಗಾವಲಿನ ಡೇಸಿ ರಾತ್ರಿ ಎಸಳು ಮುಚ್ಚಿ ಬೆಳಿಗ್ಗೆ ಬಿಚ್ಚುವುದರಿಂದ ಆ ಹೆಸರು ಬಂದಿದೆ. ಆ ಮೂಲ ಡೇಸಿ, ಅಂದರೆ ಬೆಲ್ಲಿಸ್ ಪೆರೆನ್ನಿಸ್, ಅಂಗೈ ಎತ್ತರವೂ ಇರದ ಗಿಡ. ಇಲ್ಲಿ ಅದನ್ನು ಚಳಿಗಾಲದ ಕುಂಡದ ಗಿಡವಾಗಿ ಬೆಳೆಸಬಹುದು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು.

ಹೆಸರುಗಳ ಈ ಗೊಂದಲ ಬೀಜ ಕೊಳ್ಳುವಾಗ ನಿಜವಾದ ತೊಂದರೆ ಕೊಡುತ್ತದೆ. ‘ಆಫ್ರಿಕನ್ ಡೇಸಿ’ ಎಂಬ ಚೀಟಿಯಡಿ ಡೈಮಾರ್ಫೋಥೀಕಾ, ಆಸ್ಟಿಯೋಸ್ಪರ್ಮಮ್, ಆರ್ಕ್ಟೋಟಿಸ್ ಮೂರೂ ಮಾರಾಟವಾಗುತ್ತವೆ. ‘ಬ್ಲ್ಯಾಕ್ ಐಡ್ ಸೂಸನ್’ ಎಂದು ಕೇಳಿದರೆ ರುಡ್‌ಬೆಕಿಯಾ ಬರಬಹುದು, ಅದೇ ಹೆಸರಿನ ಥನ್‌ಬರ್ಜಿಯಾ ಬಳ್ಳಿಯೂ ಬರಬಹುದು. ಆದ್ದರಿಂದ ಪೊಟ್ಟಣದ ಮೇಲಿನ ಸಸ್ಯಶಾಸ್ತ್ರೀಯ ಹೆಸರನ್ನು ಓದಿಯೇ ಕೊಳ್ಳಬೇಕು.

ನಮ್ಮ ಜಿಲ್ಲೆಗೆ ಒಗ್ಗುವ ಬಗೆಗಳು

ನನ್ನ ಮೊದಲ ಆಯ್ಕೆ ಶಾಸ್ತಾ ಡೇಸಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೂಥರ್ ಬರ್ಬ್ಯಾಂಕ್ ಎಂಬ ತಳಿಗಾರರು 1884ರಿಂದ ಯುರೋಪಿನ ಮತ್ತು ಜಪಾನಿನ ಡೇಸಿಗಳನ್ನು ಸಂಕರಗೊಳಿಸುತ್ತ ಹೋಗಿ, 1901ರಲ್ಲಿ ಹೊರತಂದ ಗಿಡವಿದು. ಹಿಮ ಹೊದ್ದ ಶಾಸ್ತಾ ಪರ್ವತದ ಹೆಸರನ್ನು ಅದರ ಅಚ್ಚಬಿಳಿಯ ಹೂವಿಗೆ ಇಟ್ಟರು. ಎರಡರಿಂದ ಮೂರು ಅಡಿ ಎತ್ತರ, ಅಂಗೈ ತುಂಬುವ ಹೂವು, ಕೊಯ್ದು ಹೂದಾನಿಯಲ್ಲಿಟ್ಟರೆ ವಾರಕ್ಕೂ ಹೆಚ್ಚು ಬಾಳಿಕೆ. ಇದು ಬಹುವಾರ್ಷಿಕ ಗಿಡ. ಹೂ ಬಿಡಲು ಒಂದಷ್ಟು ಕಾಲದ ಚಳಿ ಸಿಕ್ಕರೆ ಚೆನ್ನಾಗಿ ಸ್ಪಂದಿಸುತ್ತದೆ. ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿ ಮತ್ತು ಸೋಮವಾರಪೇಟೆಯ ಎತ್ತರದ ಭಾಗಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಇದಕ್ಕೆ ಸಾಕಷ್ಟು ತಂಪಾಗಿರುವುದರಿಂದ, ಬಯಲು ಊರುಗಳಲ್ಲಿ ಬರೀ ಎಲೆ ಬೆಳೆಸುವ ಗಿಡ ಇಲ್ಲಿ ತುಂಬು ಹೂ ಕೊಡುತ್ತದೆ.

ಜರ್ಬೆರಾ ಎರಡನೆಯದು, ಬಣ್ಣಗಳ ದೃಷ್ಟಿಯಿಂದ ಎಲ್ಲಕ್ಕಿಂತ ಶ್ರೀಮಂತವಾದದ್ದು. ದಕ್ಷಿಣ ಆಫ್ರಿಕಾದ ಬಾರ್ಬರ್ಟನ್ ಎಂಬ ಊರಿನ ಸುತ್ತ ಬೆಳೆಯುವ ಕಾಡುಗಿಡ ಇದರ ಮೂಲ. ಅದಕ್ಕೇ ಬಾರ್ಬರ್ಟನ್ ಡೇಸಿ ಎಂಬ ಹೆಸರೂ ಉಂಟು. ಹೂಗುಚ್ಛದ ಅಂಗಡಿಗಳಲ್ಲಿ ಕಾಣುವ ಉದ್ದ ತೊಟ್ಟಿನ ಜರ್ಬೆರಾ ಪಾಲಿಹೌಸಿನಲ್ಲಿ ಬೆಳೆದದ್ದು. ಅಂಗಳಕ್ಕೆ ಕುಂಡದ ತಳಿಗಳನ್ನೇ ಆರಿಸಬೇಕು, ಏಕೆಂದರೆ ತೆರೆದ ಜಾಗದಲ್ಲಿ ಉದ್ದ ತೊಟ್ಟಿನ ತಳಿಗಳು ಗಾಳಿಗೂ ಮಳೆಗೂ ಬಾಗಿ ಕೊಳೆಯುತ್ತವೆ.

ಮೂರನೆಯದಾಗಿ, ಒಂದೇ ಋತುವಿನಲ್ಲಿ ಬೆಳೆದು ಮುಗಿಯುವ ಗಿಡಗಳು. ಡೈಮಾರ್ಫೋಥೀಕಾ ಕಿತ್ತಳೆ, ಕೆನೆ, ಬಿಳಿ ಬಣ್ಣಗಳಲ್ಲಿ ಒಂದಡಿ ಎತ್ತರಕ್ಕೆ ಬೆಳೆಯುತ್ತದೆ; ಮೋಡ ಕವಿದರೆ ಎಸಳು ಬಿಚ್ಚುವುದೇ ಇಲ್ಲ, ಆದ್ದರಿಂದ ಅದಕ್ಕೆ ಪೂರ್ವ ಅಥವಾ ದಕ್ಷಿಣದ ಬಿಸಿಲು ಬೀಳುವ ಜಾಗವನ್ನೇ ಕೊಡಬೇಕು. ಪಶ್ಚಿಮ ಆಸ್ಟ್ರೇಲಿಯಾದ ಸ್ವಾನ್ ರಿವರ್ ಡೇಸಿ ನೇರಳೆ, ನೀಲಿ ಬಣ್ಣದ ಚಿಕ್ಕ ಹೂಗಳನ್ನು ಗಿಡ ಮುಚ್ಚುವಂತೆ ಬಿಡುತ್ತದೆ, ತೂಗುಕುಂಡಕ್ಕೆ ಹೇಳಿ ಮಾಡಿಸಿದಂಥದ್ದು. ಉತ್ತರ ಅಮೆರಿಕದ ರುಡ್‌ಬೆಕಿಯಾ ಮತ್ತು ಗೈಲಾರ್ಡಿಯಾ ಎರಡೂ ಗಟ್ಟಿಜೀವಗಳು. ಕುಶಾಲನಗರ, ಶನಿವಾರಸಂತೆಯ ಕಡೆ ಮಳೆ ಕಡಿಮೆಯಿರುವ ಅಂಗಳಗಳಲ್ಲಿ ಮೊದಲ ಬಾರಿ ಕೈಹಾಕುವವರು ಇವುಗಳಿಂದಲೇ ಆರಂಭಿಸುವುದು ಒಳ್ಳೆಯದು. ಕನ್ನಡಿಗರು ಬರಿದೇ ‘ಆಸ್ಟರ್’ ಎನ್ನುವ ಚೈನಾ ಆಸ್ಟರ್ ಕೂಡ ಡೇಸಿಯ ಹತ್ತಿರದ ನಂಟು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳ ಬೀಜ ನಮ್ಮ ಹವೆಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಆದರೆ ಒಂದೇ ಪಾತಿಯಲ್ಲಿ ವರ್ಷವರ್ಷವೂ ಆಸ್ಟರ್ ಹಾಕಿದರೆ ಸೊರಗು ರೋಗ ಮಣ್ಣಿನಲ್ಲಿ ನೆಲೆಯೂರುವುದರಿಂದ, ಪ್ರತಿ ವರ್ಷವೂ ಜಾಗ ಬದಲಿಸಬೇಕು.

ಕ್ಯಾನರಿ ದ್ವೀಪಗಳ ಮಾರ್ಗರೀಟ್ ಡೇಸಿಯೂ ಆಸ್ಟಿಯೋಸ್ಪರ್ಮಮ್ಮೂ ಕುಂಡದಲ್ಲಿ ಚೆನ್ನಾಗಿ ಬರುತ್ತವೆ. ಇವೆರಡನ್ನೂ ಬೀಜಕ್ಕಿಂತ ತುಂಡಿನಿಂದ ಬೆಳೆಸುವುದು ಸುಲಭ.

ಮೊದಲ ಹೆಜ್ಜೆ: ನಿಮ್ಮ ಮಳೆಯನ್ನು ತಿಳಿಯುವುದು

ಜಿಲ್ಲೆಯೊಳಗೇ ಮಳೆಯ ವ್ಯತ್ಯಾಸ ಬಹಳ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 120 ಇಂಚಿಗೂ ಮಿಕ್ಕಿ ಬೀಳುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತಲೂ ಹೆಚ್ಚು, ಕುಶಾಲನಗರದಲ್ಲಿ ಮಡಿಕೇರಿಯ ಅರ್ಧವೂ ಇಲ್ಲ. ತೋಟವುಳ್ಳ ಮನೆಗಳಲ್ಲಿ ಇಂಚು, ಸೆಂಟಿನ (ಇಂಚಿನ ನೂರನೆಯ ಒಂದು ಭಾಗ) ಲೆಕ್ಕದಲ್ಲಿ ಮಳೆ ಬರೆದಿಡುವ ಪುಸ್ತಕ ಇದ್ದೇ ಇರುತ್ತದೆ. ಹೂತೋಟಕ್ಕೂ ಆ ಪುಸ್ತಕವೇ ಆಧಾರ. ಜುಲೈ ತಿಂಗಳಲ್ಲಿ ಅಂಗಳದಲ್ಲಿ ನಿಂತು, ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಸೂರಿನ ನೀರು ಎಲ್ಲಿ ಗುಂಡಿ ತೋಡುತ್ತದೆ ಎಂಬುದನ್ನು ಗುರುತು ಹಾಕಿಕೊಂಡರೆ ಪಾತಿ ಎಲ್ಲಿರಬಾರದು ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಜೊತೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗವೇ ಬೇಕು. ಸಿಲ್ವರ್ ಓಕ್ ಮರದ ನೆರಳಿನಲ್ಲಿ ಕಾಫಿ ಬಂದೀತು, ಡೇಸಿ ಬರಲಾರದು.

ಎರಡನೆಯ ಹೆಜ್ಜೆ: ಏರುಮಡಿ ಮತ್ತು ಮಣ್ಣು

ಆಗಸ್ಟ್ ಕೊನೆಗೆ ಮಳೆ ಸ್ವಲ್ಪ ಹಿಡಿತಕ್ಕೆ ಬಂದು ಕೈಲ್‌ಪೊಳ್ದ್ ಹಬ್ಬ ಕಳೆಯುವ ಹೊತ್ತಿಗೆ ಮಡಿಯ ಕೆಲಸ ಶುರುಮಾಡಬೇಕು. ಮೂರಡಿ ಅಗಲ, ನೆಲದಿಂದ ಒಂದಡಿ ಎತ್ತರದ ಮಡಿ ಮಾಡಿ, ಅಂಚಿಗೆ ಕಲ್ಲು ಅಥವಾ ಇಟ್ಟಿಗೆಯನ್ನು ನಡುವೆ ಸಂದು ಬಿಟ್ಟು ಜೋಡಿಸಿ. ಸಿಮೆಂಟಿನಿಂದ ಮುಚ್ಚಿದರೆ ಮಡಿಯೇ ತೊಟ್ಟಿಯಾಗುತ್ತದೆ. ಮಡಿಯ ತಳದಲ್ಲಿ ಮೂರು ಇಂಚು ದಪ್ಪಕ್ಕೆ ಜಲ್ಲಿ ಹರಡಿ, ಇಳಿಜಾರಿನ ಕಡೆಗೆ ಒಂದು ಸಣ್ಣ ಕಾಲುವೆ ತೆಗೆದಿಡಬೇಕು.

ಕಾಫಿ ನರ್ಸರಿಯ ಚೀಲಗಳಿಗೆ ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಸೇರಿಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಡೇಸಿಗೆ ಅದೇ ಮಿಶ್ರಣ ಬಳಸಿದರೆ ಮಣ್ಣು ಬಿಗಿದುಕೊಳ್ಳುತ್ತದೆ. ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಸೇರಿಸುವುದು ನನ್ನ ಅನುಭವದಲ್ಲಿ ಸರಿಯಾದ ಪ್ರಮಾಣ. ಹಸಿಯಾಗಿ ಹಿಡಿದು ಉಂಡೆ ಕಟ್ಟಿ ಬಿಟ್ಟಾಗ ಉಂಡೆ ತಾನಾಗಿ ಒಡೆಯಬೇಕು. ಕುಂಡಗಳಿಗೆ ಇದರ ಜೊತೆಗೆ ಒಂದು ಪಾಲು ತೆಂಗಿನ ನಾರಿನ ಪುಡಿ ಸೇರಿಸಬಹುದು.

ಭಾರೀ ಮಳೆಯಲ್ಲಿ ಸುಣ್ಣದಂಶ ಕೊಚ್ಚಿಹೋಗುವುದರಿಂದ ನಮ್ಮ ಮಣ್ಣು ಹುಳಿಯಾಗಿರುತ್ತದೆ. ತೋಟದ ಮಣ್ಣನ್ನು ಪರೀಕ್ಷೆಗೆ ಕಳುಹಿಸುವಾಗ ಅಂಗಳದ ಮಣ್ಣಿನ ಒಂದು ಮಾದರಿಯನ್ನೂ ಕಳುಹಿಸಿದರೆ ಊಹೆಯ ಮೇಲೆ ಸುಣ್ಣ ಹಾಕುವುದು ತಪ್ಪುತ್ತದೆ. ಜರ್ಬೆರಾಗೆ ಪಿಎಚ್ 5.5ರಿಂದ 6.5ರ ನಡುವೆ ಇದ್ದರೆ ಸಾಕು. ಶಾಸ್ತಾ ಡೇಸಿಗೆ 6ರಿಂದ 7. ಹುಳಿ ಹೆಚ್ಚಿದ್ದರೆ ಚದರ ಮೀಟರಿಗೆ ಸುಮಾರು 100 ಗ್ರಾಂ ಕೃಷಿ ಸುಣ್ಣವನ್ನು ನಾಟಿಗೆ ಮೂರು ವಾರ ಮೊದಲೇ ಬೆರೆಸಿಡಬೇಕು, ಗೊಬ್ಬರವನ್ನು ಅದೇ ದಿನ ಹಾಕಬಾರದು. ಸುಣ್ಣ ಅತಿಯಾದರೆ ಜರ್ಬೆರಾದ ಎಳೆ ಎಲೆಗಳಲ್ಲಿ ನರ ಮಾತ್ರ ಹಸಿರಾಗಿ ಉಳಿದು ಉಳಿದ ಭಾಗ ಹಳದಿಗೆ ತಿರುಗುತ್ತದೆ. ಅದು ಕಬ್ಬಿಣಾಂಶ ಸಿಗದಿರುವುದರ ಗುರುತು.

ಮೂರನೆಯ ಹೆಜ್ಜೆ: ಬಿತ್ತನೆ

ಶಾಸ್ತಾ ಬೀಜವನ್ನು ಸೆಪ್ಟೆಂಬರ್ ಮಧ್ಯದಲ್ಲಿ ಸೂರಿನಡಿಯ ಟ್ರೇಯಲ್ಲಿ ಬಿತ್ತಬೇಕು. ಮೊಳೆಯಲು ಬೆಳಕು ಬೇಕಾದ್ದರಿಂದ ಬೀಜವನ್ನು ಮಣ್ಣಿನಲ್ಲಿ ಹೂಳದೆ, ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಎರಡು ವಾರದಿಂದ ಮೂರು ವಾರದೊಳಗೆ ಮೊಳಕೆ ಕಾಣುತ್ತದೆ. ಬೀಜದಿಂದ ಬಂದ ಶಾಸ್ತಾ ಮೊದಲ ವರ್ಷ ಕಡಿಮೆ ಹೂ ಬಿಟ್ಟು ಎರಡನೆಯ ವರ್ಷ ತನ್ನ ಪೂರ್ಣ ರೂಪ ತೋರಿಸುತ್ತದೆ, ಆದ್ದರಿಂದ ಮೊದಲ ಚಳಿಗಾಲದಲ್ಲೇ ನಿರಾಶರಾಗಿ ಕಿತ್ತುಹಾಕಬೇಡಿ. ಡೈಮಾರ್ಫೋಥೀಕಾ, ಸ್ವಾನ್ ರಿವರ್ ಡೇಸಿ, ರುಡ್‌ಬೆಕಿಯಾ, ಗೈಲಾರ್ಡಿಯಾಗಳ ಬಿತ್ತನೆಗೆ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಆಸುಪಾಸು ಒಳ್ಳೆಯ ಕಾಲ. ಹಿಂಗಾರು ಮಳೆ ಇನ್ನೂ ಸುರಿಯುತ್ತಿದ್ದರೆ ಟ್ರೇಗಳು ಮಾಡಿನ ಕೆಳಗೇ ಇರಲಿ.

ಜರ್ಬೆರಾ ಬೀಜ ಬೇಗ ಜೀವ ಕಳೆದುಕೊಳ್ಳುತ್ತದೆ. ಹಳೆಯ ಪೊಟ್ಟಣಕ್ಕೆ ಹಣ ಕೊಡುವುದಕ್ಕಿಂತ ಅಂಗಾಂಶ ಕೃಷಿಯ ಸಸಿಯನ್ನೇ ಕೊಳ್ಳುವುದು ಲೇಸು. ಕೊಳ್ಳುವಾಗ ಹೂವಿನ ಬಣ್ಣಕ್ಕೆ ಮಾರುಹೋಗದೆ, ಎಲೆಗಳನ್ನು ಮೆಲ್ಲಗೆ ಸರಿಸಿ, ಅವೆಲ್ಲ ಕೂಡುವ ನಡುಭಾಗ ಗಟ್ಟಿಯಾಗಿದೆಯೇ, ಕಂದು ಬಣ್ಣಕ್ಕೆ ತಿರುಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ.

ನಾಲ್ಕನೆಯ ಹೆಜ್ಜೆ: ನಾಟಿ

ಸಸಿಗಳಿಗೆ ನಾಲ್ಕೈದು ಎಲೆ ಬಂದಾಗ, ನವೆಂಬರ್‌ನಿಂದ, ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುವ ಪುತ್ತರಿ ಸುಗ್ಗಿಹಬ್ಬದೊಳಗೆ ಮಡಿಗೆ ನಾಟಿ ಮುಗಿಸಬೇಕು. ಶಾಸ್ತಾ ಗಿಡಗಳ ನಡುವೆ ಒಂದೂವರೆ ಅಡಿ, ಜರ್ಬೆರಾ ಮತ್ತು ರುಡ್‌ಬೆಕಿಯಾಗೆ ಒಂದಡಿ, ಡೈಮಾರ್ಫೋಥೀಕಾಗೆ ಒಂಬತ್ತು ಇಂಚು ಅಂತರವಿರಲಿ. ಒತ್ತೊತ್ತಾಗಿ ನೆಟ್ಟರೆ ಮೊದಲು ಸೊಂಪಾಗಿ ಕಾಣುತ್ತದೆ, ಆದರೆ ಬೆಳಗಿನ ಮಂಜಿನ ತೇವ ಎಲೆಗಳ ನಡುವೆ ಮಧ್ಯಾಹ್ನದವರೆಗೂ ಆರುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಜರ್ಬೆರಾದ ಎಲೆಗಳು ಹುಟ್ಟುವ ನಡುಭಾಗ ಮಣ್ಣಿನ ಮಟ್ಟಕ್ಕಿಂತ ಅರ್ಧ ಇಂಚಿನಷ್ಟು ಮೇಲಿರುವಂತೆಯೇ ನೆಡಬೇಕು. ಗಿಡ ಅಲುಗಾಡುತ್ತದೆಂದು ಬುಡಕ್ಕೆ ಮಣ್ಣು ಏರಿಸುವುದು ನಮ್ಮ ಕೈಗೆ ಅಂಟಿಕೊಂಡ ಅಭ್ಯಾಸ; ತರಕಾರಿಗೆ ಒಳ್ಳೆಯದಾದ ಆ ಅಭ್ಯಾಸವೇ ಜರ್ಬೆರಾಗೆ ಕುತ್ತು. ಮಣ್ಣು ಏರಿದ ಕಡೆ ನೀರು ಕೂತು, ಫೈಟೋಫ್ತೊರಾ ಎಂಬ ಶಿಲೀಂಧ್ರಸದೃಶ ಜೀವಿ ಗಿಡದ ನಡುವನ್ನು ಕೊಳೆಸುತ್ತದೆ. ಏಲಕ್ಕಿಯ ಕೊಳೆರೋಗವನ್ನೂ ಕಾಳುಮೆಣಸಿನ ಸೊರಗು ರೋಗವನ್ನೂ ತರುವುದು ಇದೇ ಗುಂಪಿನ ಜೀವಿಗಳು. ಹಾಗಾಗಿ ಮೆಣಸಿನ ಬಳ್ಳಿಯ ಬುಡಕ್ಕೆ ನಾವು ತೋರುವ ಎಚ್ಚರವನ್ನೇ ಜರ್ಬೆರಾಗೂ ತೋರಬೇಕು. ಅದೇ ಕಾರಣಕ್ಕೆ ದರಗು, ಅಂದರೆ ಒಣ ಎಲೆ, ಹೊದಿಸುವಾಗಲೂ ಬುಡದಿಂದ ಮೂರು ಇಂಚು ದೂರ ಬಿಡಬೇಕು.

ಐದನೆಯ ಹೆಜ್ಜೆ: ಚಳಿಗಾಲದ ಆರೈಕೆ

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನೀರನ್ನು ಬೆಳಿಗ್ಗೆ, ಎಲೆಗೆ ತಾಗದಂತೆ ಬುಡದ ಸುತ್ತ ಕೊಡಿ. ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕುವುದು ಸರಿಯಾದ ಕ್ರಮ. ದಿನಕ್ಕೊಮ್ಮೆ ಎಂಬ ನಿಯಮ ಬೇಡ. ಹದಿನೈದು ದಿನಕ್ಕೊಮ್ಮೆ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ 2 ಗ್ರಾಂನಂತೆ ಕರಗಿಸಿ ಜರ್ಬೆರಾಗೆ ಕೊಡಬಹುದು. ಶಾಸ್ತಾಗೆ ಗೊಬ್ಬರ ಹೆಚ್ಚಾದರೆ ಎಲೆ ಕೊಬ್ಬಿ ತೊಟ್ಟು ಬಗ್ಗುತ್ತದೆ, ಅದಕ್ಕೆ ಒಂದು ಹಿಡಿ ಕಾಂಪೋಸ್ಟ್ ಸಾಕು. ಡೈಮಾರ್ಫೋಥೀಕಾ, ಗೈಲಾರ್ಡಿಯಾಗಳಿಗೆ ಅದೂ ಬೇಡ.

ಬಾಡಿದ ಹೂವನ್ನು ತೊಟ್ಟಿನ ಬುಡದವರೆಗೆ ತೆಗೆಯುತ್ತಿದ್ದರೆ ಹೊಸ ಮೊಗ್ಗು ಬರುತ್ತಲೇ ಇರುತ್ತದೆ. ಶಾಸ್ತಾವನ್ನು ಕತ್ತರಿಯಿಂದ ಕೊಯ್ಯಬೇಕು. ಜರ್ಬೆರಾದ ತೊಟ್ಟನ್ನು ಮಾತ್ರ ಕತ್ತರಿಸದೆ, ಬುಡದಲ್ಲಿ ಹಿಡಿದು ಸ್ವಲ್ಪ ತಿರುಚಿ ಎಳೆದು ತೆಗೆಯಬೇಕು, ಏಕೆಂದರೆ ಉಳಿದ ತುಂಡು ಕೊಳೆತು ಆ ಕೊಳೆ ಗಿಡದ ನಡುಭಾಗಕ್ಕೆ ಇಳಿಯುತ್ತದೆ. ಹೂದಾನಿಗೆ ಇಡುವುದಾದರೆ, ನಡುಬಟ್ಟಲಿನ ಹೊರಗಿನ ಎರಡು ಸಾಲು ಕಿರುಹೂಗಳು ಅರಳಿದ ಮೇಲೆಯೇ ಕೀಳಿ. ಅದಕ್ಕೂ ಮೊದಲು ಕಿತ್ತ ಹೂವಿನ ಕತ್ತು ಬೇಗ ಬಾಗುತ್ತದೆ.

ಒಂದೇ ಸುತ್ತಿನ ಎಸಳಿನ ಡೇಸಿಗಳನ್ನು ಕೆಲವನ್ನಾದರೂ ಕೊಯ್ಯದೆ ಬಿಡಿ ಎಂದು ಕೇಳಿಕೊಳ್ಳುತ್ತೇನೆ. ರೋಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಅದರ ಕಾಯಿಕಟ್ಟುವಿಕೆಗೆ ಗಾಳಿಯ ಜೊತೆಗೆ ಜೇನ್ನೊಣಗಳೂ ನೆರವಾಗುತ್ತವೆ. ಹೂಮಳೆ ಬಿದ್ದು ಕಾಫಿ ಅರಳುವುದಕ್ಕೆ ಮುಂಚಿನ ವಾರಗಳಲ್ಲಿ ತುಡುವೆ ಜೇನಿಗೆ ಅಂಗಳದಲ್ಲಿ ಆಹಾರ ಸಿಗುವುದು ನೋಡಲೂ ಸಂತೋಷ, ತೋಟಕ್ಕೂ ಉಪಕಾರ.

ಹುಳು ಮತ್ತು ರೋಗ

ಮೊಗ್ಗಿನ ಕತ್ತಿನಲ್ಲಿ ಗುಂಪುಗಟ್ಟುವ ಸಸ್ಯಹೇನು, ಎಲೆಯಡಿಯ ಬಿಳಿನೊಣ, ಎಲೆಯೊಳಗೆ ಬಿಳಿ ಗೆರೆ ಎಳೆಯುವ ರಂಗೋಲಿ ಹುಳು ಇವುಗಳಿಗೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ಬೆರೆಯುವಷ್ಟು ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಿದರೆ ಆರಂಭದಲ್ಲೇ ಹತೋಟಿಗೆ ಬರುತ್ತವೆ. ಗೆರೆ ಬಿದ್ದ ಎಲೆಗಳನ್ನು ಕಿತ್ತು ಸುಡುವುದು ಇನ್ನೂ ಒಳ್ಳೆಯದು. ಚಳಿಗಾಲದಲ್ಲಿ ಎಲೆಯ ಮೇಲೆ ಬೂದಿ ರೋಗ ಕಂಡರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಬಿಸಿಲೇರುವ ಮೊದಲು ಸಿಂಪಡಿಸಿ.

ಬಸವನಹುಳುಗಳದ್ದು ಬೇರೆಯೇ ಸಮಸ್ಯೆ. ಆಫ್ರಿಕನ್ ದೈತ್ಯ ಬಸವನಹುಳು ಕಾಲಿಟ್ಟಿರುವ ಕಡೆ ಒಂದೇ ರಾತ್ರಿಯಲ್ಲಿ ಎಳೆಯ ಸಸಿಗಳ ಸಾಲು ಮಾಯವಾಗಬಹುದು. ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರ ಕೆಳಗೆ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಸೇರಿದವನ್ನು ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿನಲ್ಲಿ ಮುಳುಗಿಸುವುದು ಶ್ರಮದ ಕೆಲಸವಾದರೂ ನಂಬಬಹುದಾದ ದಾರಿ. ಮೆಟಾಲ್ಡಿಹೈಡ್ ಗುಳಿಗೆ ನಾಯಿಗಳಿಗೂ ವಿಷ; ನಾಯಿ ಸಾಕಿದ ಮನೆಯಲ್ಲಿ ಅದನ್ನು ಅಂಗಳಕ್ಕೆ ತರಲೇಬಾರದು.

ಆರನೆಯ ಹೆಜ್ಜೆ: ಮಳೆಗಾಲವನ್ನು ದಾಟಿಸುವುದು

ಮೇ ಎರಡನೆಯ ವಾರದಲ್ಲಿ ಈ ಕೆಲಸ ಆರಂಭವಾಗಬೇಕು. ಶಾಸ್ತಾ ಗಿಡದ ಹೂತೊಟ್ಟುಗಳನ್ನೆಲ್ಲ ನೆಲಮಟ್ಟಕ್ಕೆ ಕತ್ತರಿಸಿ, ಬುಡದ ಒಣ ಎಲೆಗಳನ್ನು ಬಿಡಿಸಿ ತೆಗೆಯಿರಿ. ನಂತರ ಮುನ್ನೆಚ್ಚರಿಕೆಯಾಗಿ, ತೋಟಕ್ಕೆ ತಯಾರಿಸುವ ಶೇ. 1ರ ಬೋರ್ಡೋ ದ್ರಾವಣವನ್ನೇ, ಅಂದರೆ 10 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ ಮತ್ತು 100 ಗ್ರಾಂ ಸುಣ್ಣದ ಪ್ರಮಾಣದಲ್ಲಿ, ಬುಡದ ಸುತ್ತ ಒಮ್ಮೆ ಸಿಂಪಡಿಸಬಹುದು. ಟ್ರೈಕೋಡರ್ಮಾ ಬೆರೆಸಿದ ಕೊಟ್ಟಿಗೆ ಗೊಬ್ಬರ ಹಾಕುವ ಅಭ್ಯಾಸವಿರುವವರು ಬೋರ್ಡೋ ಬಳಸಿದ ಕೂಡಲೇ ಅದನ್ನು ಹಾಕಬಾರದು, ತಾಮ್ರದ ಅಂಶ ಆ ಉಪಕಾರಿ ಶಿಲೀಂಧ್ರಕ್ಕೂ ಮಾರಕ. ಎರಡರ ನಡುವೆ ಮೂರು ವಾರವಾದರೂ ಬಿಡುವಿರಲಿ.

ಜರ್ಬೆರಾ, ಮಾರ್ಗರೀಟ್, ಆಸ್ಟಿಯೋಸ್ಪರ್ಮಮ್ ಕುಂಡಗಳು ಜೂನ್ ಒಂದರೊಳಗೆ ಮಾಡಿನ ಕೆಳಗೆ, ಎರಚಲು ತಾಗದ ಆದರೆ ಬೆಳಕಿರುವ ಜಾಗಕ್ಕೆ ಬರಬೇಕು. ಕುಂಡದ ಕೆಳಗಿನ ತಟ್ಟೆಯನ್ನು ತೆಗೆದು, ಎರಡು ಇಟ್ಟಿಗೆಗಳ ಮೇಲೆ ಕುಂಡವನ್ನು ಕೂರಿಸಿ. ಈ ಕಾಲದಲ್ಲಿ ವಾರಕ್ಕೊಮ್ಮೆ ಸ್ವಲ್ಪ ನೀರು ಸಾಕು, ಗೊಬ್ಬರ ಬೇಡ. ಭಾಗಮಂಡಲ, ನಾಪೋಕ್ಲು ಕಡೆಯವರು ಶಾಸ್ತಾವನ್ನೂ ಮಡಿಯಲ್ಲೇ ಬಿಡದೆ, ಪ್ರತಿ ಗಿಡದಿಂದ ಒಂದು ಚಿಗುರುಗುಚ್ಛವನ್ನು ಬೇರುಸಹಿತ ಬಿಡಿಸಿ ಕಾಫಿ ಸಸಿಯ ಚೀಲದಲ್ಲಿ ನೆಟ್ಟು ಒಳಗಿಟ್ಟುಕೊಳ್ಳುವುದು ಕ್ಷೇಮ. ಮಡಿಯದು ಹೋದರೂ ವಂಶ ಉಳಿಯುತ್ತದೆ. ಮಾರ್ಗರೀಟಿನ ನಾಲ್ಕು ಇಂಚಿನ ತುದಿಗಳನ್ನು ಮೇ ತಿಂಗಳಲ್ಲೇ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಊರಿದರೆ ಮೂರ್ನಾಲ್ಕು ವಾರಗಳಲ್ಲಿ ಬೇರು ಬಿಡುತ್ತದೆ.

ನೆಡಬಾರದ ಡೇಸಿ

ನೆಲ ಮುಚ್ಚಲು ಚೆನ್ನಾಗಿದೆ, ಆರೈಕೆಯೇ ಬೇಡ ಎಂದು ಹೇಳಿ ಕೊಡುವ ಹಳದಿ ಹೂವಿನ ಒಂದು ಹಬ್ಬುಗಿಡವಿದೆ. ವೆಡೇಲಿಯಾ ಅಥವಾ ಸಿಂಗಾಪುರ ಡೇಸಿ ಎಂದು ಅದರ ಹೆಸರು. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದು ಸೇರಿದೆ. ಗೆಣ್ಣುಗೆಣ್ಣಿಗೂ ಬೇರು ಬಿಡುವ ಈ ಗಿಡದ ಒಂದು ತುಂಡು ತೋಡಿನ ನೀರಿಗೆ ಬಿದ್ದರೆ ಕೆಳಗಿನವರ ಗದ್ದೆಯ ಬದುವನ್ನೂ ಕಾಡಂಚನ್ನೂ ಹಿಡಿಯುತ್ತದೆ. ಇದೇ ಕುಟುಂಬದ ಕಮ್ಯುನಿಸ್ಟ್ ಗಿಡ, ಪಾರ್ಥೇನಿಯಂ, ಮೈಕೇನಿಯಾ ಬಳ್ಳಿಗಳು ನಮ್ಮ ಸುತ್ತಲಿನ ಕಾಡನ್ನು ಎಷ್ಟು ನುಂಗಿವೆ ಎಂದು ಕಣ್ಣಾರೆ ಕಂಡಿರುವ ನಾವು ಇನ್ನೊಂದನ್ನು ಕೈಯಾರೆ ತಂದು ನೆಡಬಾರದು. ಈಗಾಗಲೇ ಅಂಗಳದಲ್ಲಿದ್ದರೆ, ಮಳೆಗಾಲಕ್ಕೆ ಮೊದಲು ಬೇರುಸಹಿತ ಕಿತ್ತು ಬಿಸಿಲಿಗೆ ಒಣಗಿಸಿ ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಹಾಕಿದರೆ ಅಲ್ಲೇ ಚಿಗುರುತ್ತದೆ. ಪಾರ್ಥೇನಿಯಂನಿಂದ ಚರ್ಮದ ತುರಿಕೆ ಬಂದವರಿಗೆ ಈ ಕುಟುಂಬದ ಬೇರೆ ಗಿಡಗಳೂ ತೊಂದರೆ ಕೊಡಬಹುದಾದ್ದರಿಂದ, ಅಂಥವರು ಡೇಸಿ ಮುಟ್ಟುವಾಗ ಕೈಗವಸು ಹಾಕಿಕೊಳ್ಳಲಿ.

ಗಿಡ ಹೆಚ್ಚಿಸಿಕೊಳ್ಳುವುದು

ಶಾಸ್ತಾ ಗಿಡದ ನಡುಭಾಗ ಎರಡು, ಮೂರು ವರ್ಷಗಳಲ್ಲಿ ಬರಡಾಗುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಇಡೀ ಗಿಡವನ್ನು ಗುದ್ದಲಿಯಿಂದ ಎಬ್ಬಿಸಿ, ನಡುವಿನ ಒಣ ಗಡ್ಡೆಯನ್ನು ಎಸೆದು, ಸುತ್ತಲಿನ ಎಳೆಯ ಭಾಗಗಳನ್ನು ತಲಾ ಮೂರ್ನಾಲ್ಕು ಚಿಗುರು ಇರುವಂತೆ ಬಿಡಿಸಿ ಹೊಸ ಮಡಿಯಲ್ಲಿ ನೆಡಬೇಕು. ಚೆನ್ನಾಗಿ ಬಂದ ಒಂದು ಗಿಡದಿಂದ ಐದಾರು ಸಿಗುತ್ತವೆ. ಡೈಮಾರ್ಫೋಥೀಕಾ, ಗೈಲಾರ್ಡಿಯಾಗಳ ಬೀಜವನ್ನು ಏಪ್ರಿಲ್‌ನಲ್ಲಿ, ಮಳೆ ತಾಗುವ ಮೊದಲು, ಹೂತಲೆ ಪೂರ್ತಿ ಒಣಗಿದಾಗ ಬಿಡಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಗಾಳಿಯಾಡದ ಡಬ್ಬಿಯಲ್ಲಿ ಒಂದು ಹಿಡಿ ಹುರಿದು ಆರಿಸಿದ ಅಕ್ಕಿಯ ಜೊತೆಗಿಟ್ಟರೆ ಮಳೆಗಾಲದ ತೇವದಿಂದ ಅದು ಉಳಿಯುತ್ತದೆ. ಪೊಟ್ಟಣದ ಮೇಲೆ ‘ಎಫ್1’ ಎಂದು ಬರೆದಿದ್ದ ಸಂಕರ ತಳಿಯಾಗಿದ್ದರೆ ಮಾತ್ರ ಬೀಜ ಹಿಡಿಯುವ ಶ್ರಮ ಬೇಡ. ಮುಂದಿನ ವರ್ಷ ಹುಟ್ಟುವ ಗಿಡಗಳು ತಾಯಿಯ ಬಣ್ಣವನ್ನೂ ಎತ್ತರವನ್ನೂ ಒಂದೇ ಸಮನಾಗಿ ಹೊತ್ತು ಬರುವುದಿಲ್ಲ.